ಬಾವಿ ಹತ್ತಿರ ಬಿಟ್ಟ ಕೊಡ

ಕೇಳುಗರೆಲ್ಲರಿಗೂ ನಮಸ್ಕಾರ. ಪಿಂಪ್ರಿಯಲ್ಲಿ ಶಿಫ್ಟ್ ಮುಗಿಸಿ ಬಂದವರು, ಹೋಟೆಲಿನ ಹಿಂದೆ ನಾಳೆಯ ಇಡ್ಲಿಗೆ ರುಬ್ಬುತ್ತಿರುವವರು, ಮಕ್ಕಳಿಗೆ ಉಣ್ಣಿಸಿ ಈಗಷ್ಟೇ ಸುಮ್ನೆ ಕೂತವರು, ಎಲ್ಲರೂ ಕೇಳುತ್ತಿದ್ದೀರಿ ಅಂದುಕೊಂಡಿದ್ದೇನೆ. ಪುಣೆಯ ನಮ್ಮ ಜನ ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ. "ಪಾಸ್ಟರೇ, ದುಡಿದದ್ದೇ ಆಯಿತು. ನಾನು ಬದುಕಿರೋದು ಯಾತಕ್ಕೆ?"

ಕ್ರಿಸ್ತನಲ್ಲಿ ಬಿಡುಗಡೆ ಸಿಕ್ಕಿತು ಅಂತ ಸಾಕ್ಷಿ ಹೇಳುತ್ತೇವೆ, ಅಲ್ವಾ? ಯಾತರಿಂದ ಬಿಡುಗಡೆ ಅಂದರೆ ಸಂಡೇ ಸ್ಕೂಲ್ ಮಕ್ಕಳೂ ಹೇಳುತ್ತಾರೆ, ಪಾಪದಿಂದ, ಭಯದಿಂದ ಅಂತ. ಯಾತಕ್ಕಾಗಿ ಅಂತ ಕೇಳಿ ನೋಡಿ, ದೊಡ್ಡವರೂ ಮುಖ ಮುಖ ನೋಡುತ್ತಾರೆ. ಪೌಲನು ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಉತ್ತರ ಇದೆ. ಸ್ವತಂತ್ರರಾಗಿದ್ದೀರಿ, ಇನ್ನು ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ. ಬಿಡುಗಡೆ ಇನ್ನೊಬ್ಬರಿಗಾಗಿ. ಇವತ್ತು ಇದೊಂದನ್ನೇ ಹೇಳುತ್ತೇನೆ.

ಪಂಡಿತಾ ರಮಾಬಾಯಿ ಅವರ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಅವರು ಹುಟ್ಟಿದ್ದು ನಮ್ಮ ಕಡೆ, 1858ರಲ್ಲಿ, ತುಂಗೆ ಭದ್ರೆ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ಸಂಸ್ಕೃತ ಕಲಿಸಿದ್ದು ಅಮ್ಮ. ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ತೀರಿಕೊಂಡರು. ಆಮೇಲೆ ಅಣ್ಣ, ಆಮೇಲೆ ಗಂಡ. 1883ರಲ್ಲಿ ಎಳೆ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದರು.

ಅಲ್ಲಿ ಕ್ರೈಸ್ತ ಸನ್ಯಾಸಿನಿಯರ ಒಂದು ಮನೆ ನೋಡಿದರು. ಸಮಾಜ ಕೆಟ್ಟವಳು ಅಂತ ಹೊರಗೆ ಹಾಕಿದ ಹೆಂಗಸರನ್ನು ಅಲ್ಲಿ ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದರು. ಯಾಕೆ ಇಷ್ಟೆಲ್ಲ ಮಾಡುತ್ತೀರಿ ಅಂತ ರಮಾಬಾಯಿ ಕೇಳಿದರು. ಒಬ್ಬ ಸಿಸ್ಟರ್ ಸಮಾರ್ಯದ ಹೆಂಗಸಿನ ಕಥೆ ಹೇಳಿದರು. ಯೋಹಾನನ ಸುವಾರ್ತೆ, 4ನೇ ಅಧ್ಯಾಯ. ನಡು ಮಧ್ಯಾಹ್ನ ಒಬ್ಬಳೇ ನೀರಿಗೆ ಬಂದಿದ್ದಾಳೆ. ಅವಳ ಬದುಕೆಲ್ಲ ಗೊತ್ತಿದ್ದೂ ಯೇಸು ಅವಳ ಹತ್ತಿರ ಕುಡಿಯಲು ನೀರು ಕೇಳುತ್ತಾನೆ. ಆಮೇಲೆ ಅವಳು ಮಾಡಿದ್ದು ನೋಡಿ! ನೀರಿಗೆ ಅಂತ ಬಂದವಳು ಕೊಡವನ್ನೇ ಅಲ್ಲಿ ಬಿಟ್ಟು ಊರೊಳಗೆ ಹೋದಳು, ಜನರನ್ನು ಕರೆಯಲು. ನನಗೆ ಆ ಕೊಡ ತುಂಬಾ ಇಷ್ಟ. ಎಷ್ಟು ಸಲ ಓದಿದರೂ ಅಲ್ಲೇ ನಿಲ್ಲುತ್ತೇನೆ.

ಅದೇ ವರ್ಷ ರಮಾಬಾಯಿ ದೀಕ್ಷಾಸ್ನಾನ ತೆಗೆದುಕೊಂಡರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗೆ ಶಾರದಾ ಸದನ ತೆರೆದರು, ಮರುವರ್ಷ ಅದು ಪುಣೆಗೆ ಬಂತು. 1896–97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿತ್ತು. ಹಸಿವು ಏನು ಅಂತ ಅವರಿಗೆ ಗೊತ್ತಿತ್ತು. ತಾವೇ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಆ ಹುಡುಗಿಯರಿಗಾಗಿ ಬೆಳೆದ ಆಶ್ರಯದ ಹೆಸರೇ ಮುಕ್ತಿ. ಮುಂದೆ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಅಚ್ಚಿನ ಮೊಳೆ ಜೋಡಿಸಿದ್ದು ಯಾರು? ಆ ಮುಕ್ತಿಯ ಹೆಣ್ಣುಮಕ್ಕಳೇ. ಬಿಡುಗಡೆ ಇನ್ನೊಬ್ಬರಿಗಾಗಿ ಅಂದೆನಲ್ಲ, ಇದೇ.

ಕ್ಷಮೆಯ ಬಗ್ಗೆ, ಪ್ರಾರ್ಥನೆಯ ಬಗ್ಗೆ ಹೇಳಬೇಕೆಂದಿದ್ದೆ, ಸಮಯ ಆಗಿಹೋಯಿತು. ಮಾತು ಬಿಟ್ಟವರಿಗೆ ಒಂದು ಫೋನ್ ಮಾಡಿ. ಪ್ರಾರ್ಥನೆಯಲ್ಲಿ ಬೇರೆ ಒಬ್ಬರ ಹೆಸರು ಹಿಡಿಯಿರಿ. ಅಷ್ಟು ಸಾಕು.

ಉದ್ದೇಶ ಹುಡುಕುತ್ತಿದ್ದೇನೆ ಪಾಸ್ಟರೇ ಅಂತ ಮೂರು ವರ್ಷದಿಂದ ಹೇಳುತ್ತಿರುವವರಿದ್ದಾರೆ. ಬೇಜಾರು ಮಾಡಿಕೊಳ್ಳಬೇಡಿ, ಎಷ್ಟು ದಿನ ಹುಡುಕುತ್ತೀರಿ? ನಿಮ್ಮ ರೂಮಿಗೆ ಊರಿನಿಂದ ಹೊಸ ಹುಡುಗ ಬಂದಿದ್ದಾನಲ್ಲ, ರಾತ್ರಿ ಹೊದಿಕೆ ಮುಚ್ಚಿಕೊಂಡು ಅಳುತ್ತಾನಲ್ಲ, ಅವನನ್ನು "ಊಟ ಆಯ್ತಾ ತಮ್ಮಾ" ಅಂತ ಕೇಳಿದ್ದೀರಾ? ರೇಡಿಯೋ ಆರಿಸಿ, ಈಗಲೇ ಎದ್ದು ಹೋಗಿ ಕೇಳಿ. ನಮಸ್ಕಾರ.