ನಲ್ಲಿ ನೀರಿನ ಗೋರ್ಡೊನೆ ಬ್ಯಾಕ್ಟೀರಿಯಾಕ್ಕೆ ಕ್ಷಯದ ಮಾತ್ರೆ ಬೇಡ

ನಮಸ್ಕಾರ. ಕಫದ ರಿಪೋರ್ಟ್‌ನಲ್ಲಿ 'ಎಎಫ್‌ಬಿ ಪಾಸಿಟಿವ್' (ಆಮ್ಲ ಹಾಕಿದರೂ ಬಣ್ಣ ಬಿಡದ ಬ್ಯಾಕ್ಟೀರಿಯಾ ಕಂಡಿದೆ) ಅಂತ ಬಂದ ಮಾತ್ರಕ್ಕೆ ಕ್ಷಯವೇ ಅಂತ ಮುದ್ರೆ ಒತ್ತಬಾರದು. ಮೈಸೂರಲ್ಲಿ ಇದನ್ನ ಹೇಳೋದು ಸುಲಭ ಅಲ್ಲ. ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆಸ್ಪತ್ರೆ ಇರೋ ಊರು ಇದು. ಭಯ ಸಹಜ. ಆದರೂ ಹೇಳಲೇಬೇಕು.

ಮೈಕೋಬ್ಯಾಕ್ಟೀರಿಯಂ ಗೋರ್ಡೊನೆ ಕ್ಷಯದ ರೋಗಾಣುವಿನ ಕುಲದ್ದೇ, ಆದರೆ ಬದುಕೋದು ನೀರಲ್ಲಿ, ಮಣ್ಣಲ್ಲಿ. ಬ್ಯಾಕ್ಟೀರಿಯಾ ತಜ್ಞೆ ರುತ್ ಗೋರ್ಡನ್ ಗೌರವಾರ್ಥ 1962ರಲ್ಲಿ ಇಟ್ಟ ಹೆಸರು. ಮೈಕೋಲಿಕ್ ಆಮ್ಲದ ಮೇಣದಂಥ ಹೊದಿಕೆ ಇದಕ್ಕೂ ಇದೆ. ಹಾಗಾಗಿ ಕ್ಲೋರಿನ್‌ಗೆ ಸುಲಭವಾಗಿ ಜಗ್ಗಲ್ಲ. ಶುದ್ಧೀಕರಿಸಿದ ಕಾವೇರಿ ನೀರು ಬರೋ ಪೈಪಿನ ಒಳಗೋಡೆಯಲ್ಲಿ, ಮಾಳಿಗೆ ಮೇಲಿನ ಟ್ಯಾಂಕಿನ ಲೋಳೆಯಲ್ಲಿ ಇಂಥವು ನೆಲೆಸಬಲ್ಲವು. ಆರೋಗ್ಯವಂತರು ಕುಡಿದರೆ ಏನೂ ಆಗಲ್ಲ.

ಎಡವೋದು ಲ್ಯಾಬಲ್ಲಿ. ಕಫದ ಸ್ಲೈಡಿಗೆ ಬಣ್ಣ ಹಾಕೋ ಜೀಲ್-ನೀಲ್ಸನ್ ವಿಧಾನದಲ್ಲಿ 1% ಕಾರ್ಬಾಲ್ ಫುಕ್ಸಿನ್ ಅನ್ನೋ ಕೆಂಪು ಬಣ್ಣ ಹಾಕಿ, ಆವಿ ಬರೋವರೆಗೆ ಕಾಯಿಸಿ, 5 ನಿಮಿಷ ಬಿಟ್ಟು, 25% ಗಂಧಕಾಮ್ಲದಲ್ಲಿ ಬಣ್ಣ ತೆಗೀತೀವಿ. ಆಮ್ಲಕ್ಕೂ ಬಣ್ಣ ಬಿಡದ ಕೆಂಪು ಕಡ್ಡಿ (ಕಡ್ಡಿಯಾಕಾರದ ಬ್ಯಾಕ್ಟೀರಿಯಾ) ಕ್ಷಯದ್ದೋ ಗೋರ್ಡೊನೆಯದೋ ಅಂತ ಮೈಕ್ರೋಸ್ಕೋಪ್ ಹೇಳಲ್ಲ. ನಲ್ಲಿ ನೀರಲ್ಲಿ ಬಣ್ಣ ಕಲಸಿದರೆ, ಸ್ಲೈಡ್ ತೊಳೆದರೆ, ಆ ಕಡ್ಡಿ ನೀರಿಂದಲೇ ಬಂದಿರಬಹುದು. ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಕಾಯಿಸಿದ) ನೀರು ಅಂತ ಧೈರ್ಯ ಪಡಬೇಡಿ: ಸತ್ತ ಬ್ಯಾಕ್ಟೀರಿಯಾ ಕೂಡ ಬಣ್ಣ ಹಿಡೀತದೆ. ಹೊಸದಾಗಿ ತೆಗೆದ ಡಿಸ್ಟಿಲ್ಡ್ ವಾಟರ್ ಬಳಸಿ. ಶ್ವಾಸನಾಳದೊಳಗೆ ಇಳಿಸಿ ನೋಡೋ ಬ್ರಾಂಕೋಸ್ಕೋಪನ್ನು ನಲ್ಲಿಗೆ ಹಿಡಿದು ತೊಳೆದರೂ ಇದೇ ಕಥೆ, ಅಲ್ಲಿ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ) ಕೂಡ ದಾರಿ ತಪ್ಪತದೆ.

ಕಲ್ಚರ್ ಬಂದಮೇಲೆ ಗುರುತು ಹಿಡಿಯೋದು ಕಷ್ಟ ಇಲ್ಲ. ಬ್ಯಾಕ್ಟೀರಿಯಾ ಬೆಳೆಸೋಕೆ ಬಳಸೋ ಎಲ್‌ಜೆ (ಲೋವೆನ್‌ಸ್ಟೈನ್-ಜೆನ್ಸೆನ್) ಮಾಧ್ಯಮದ ಮೇಲೆ ಕ್ಷಯದ್ದು ಒರಟಾಗಿ, ಹೂಕೋಸಿನ ಹಾಗೆ, ಮಾಸಲು ಬಣ್ಣದಲ್ಲಿ ಬರತದೆ. ಗೋರ್ಡೊನೆ ನುಣುಪು, ಹಳದಿ-ಕಿತ್ತಳೆ. ಟ್ಯೂಬಿಗೆ ಫಾಯಿಲ್ ಸುತ್ತಿ ಕತ್ತಲಲ್ಲಿಟ್ಟರೂ ಆ ಬಣ್ಣ ಬಂದೇ ಬರತದೆ. ಪಿಎನ್‌ಬಿ (ಪ್ಯಾರಾ-ನೈಟ್ರೋಬೆಂಜೋಯಿಕ್ ಆಮ್ಲ) ಸೇರಿಸಿದ ಮಾಧ್ಯಮದಲ್ಲಿ ಇದು ಬೆಳೀತದೆ, ಕ್ಷಯದ್ದು ಬೆಳೆಯಲ್ಲ. ಕ್ಷಯದ ರೋಗಾಣುವಿನ ಪ್ರೋಟೀನ್ ಹುಡುಕೋ ಎಂಪಿಟಿ64 ಕಾರ್ಡ್ ಇದಕ್ಕೆ ನೆಗೆಟಿವ್.

ಸ್ಮಿಯರ್ (ಮೈಕ್ರೋಸ್ಕೋಪಲ್ಲಿ ನೋಡೋ ಕಫದ ಸ್ಲೈಡ್) ಪಾಸಿಟಿವ್, ಸಿಬಿನ್ಯಾಟ್ (ಕ್ಷಯದ ರೋಗಾಣುವಿನ ಡಿಎನ್‌ಎ ಹುಡುಕೋ ಪರೀಕ್ಷೆ) ನೆಗೆಟಿವ್ ಬಂದರೆ ಮತ್ತೊಂದು ಕಫ ತಗೊಳ್ಳಿ, ಕಲ್ಚರ್‌ಗೆ ಕಳಿಸಿ, ಪ್ರಭೇದ ಯಾವುದು ಅಂತ ಕೇಳಿ. ಕ್ಷಯದ್ದಲ್ಲದ ಪ್ರಭೇದದಿಂದಲೇ ಕಾಯಿಲೆ ಬಂದಿದೆ ಅನ್ನಬೇಕಾದರೆ, ಪ್ರತ್ಯೇಕವಾಗಿ ತೆಗೆದ ಎರಡು ಕಫದಲ್ಲಾದರೂ ಅದೇ ಪ್ರಭೇದ ಬೆಳೀಬೇಕು, ಲಕ್ಷಣ ಮತ್ತು ಎಕ್ಸ್‌ರೇ ಎರಡೂ ಹೊಂದಬೇಕು. ಗೋರ್ಡೊನೆ ಆದರೆ ಆಗಲೂ ಅನುಮಾನ ಇಟ್ಕೊಳ್ಳಿ. ಇದರಿಂದ ಕಾಯಿಲೆ ಬರೋದು ಬಲು ಅಪರೂಪ, ಅದೂ ಹೆಚ್ಚಾಗಿ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ. ಈಗಾಗಲೇ ಮಾತ್ರೆ ನುಂಗ್ತಿರೋರು ಡಾಕ್ಟರನ್ನ ಕೇಳದೆ ನಿಲ್ಲಿಸಬೇಡಿ.

ಲ್ಯಾಬಿನವರು ಪ್ರತಿ ಬ್ಯಾಚ್ ಜೊತೆ ಕಫ ಹಾಕದ ಒಂದು ಖಾಲಿ ಸ್ಲೈಡಿಗೂ ಬಣ್ಣ ಹಾಕಿ. ಅದರಲ್ಲಿ ಕೆಂಪು ಕಡ್ಡಿ ಕಂಡರೆ ಆ ದಿನದ ಯಾವ ರಿಪೋರ್ಟನ್ನೂ ಹೊರಗೆ ಬಿಡಬೇಡಿ.