ಒತ್ತಡ ಮೊದಲು, ದೇಹ ಆಮೇಲೆ: ಗಾಲ್ಫ್ ಸ್ವಿಂಗ್‌ನಲ್ಲಿ ಪಾದಗಳ ಕೆಲಸ

ಎಲ್ಲರಿಗೂ ನಮಸ್ಕಾರ.

ಗಾಲ್ಫ್ ಕಲಿಯಲು ಹೊರಟವರ ಕಿವಿಗೆ ಬೇಗನೆ ಬೀಳುವ ಸಲಹೆಗಳಲ್ಲಿ ಇದೊಂದು: ‘ತೂಕವನ್ನು ಬಲಗಾಲಿಗೆ ಹಾಕಿ, ಆಮೇಲೆ ಎಡಗಾಲಿಗೆ ತನ್ನಿ.’ ಮಾತು ತಪ್ಪಲ್ಲ. ಆದರೆ ಅದನ್ನು ಹಾಗೆಯೇ ಪಾಲಿಸಲು ಹೋದವರು ಇಡೀ ಮೈಯನ್ನು ಬಲಕ್ಕೆ ವಾಲಿಸುತ್ತಾರೆ, ಕ್ಲಬ್ (ಚೆಂಡು ಹೊಡೆಯುವ ಕೋಲು) ಮೇಲೆ ತಲುಪಿದ ನಂತರ ಇಡೀ ಮೈಯನ್ನು ಎಡಕ್ಕೆ ತಳ್ಳಲು ನೋಡುತ್ತಾರೆ. ಅಷ್ಟು ಹೊತ್ತಿಗೆ ಚೆಂಡಿಗೆ ಏಟು ಬಿದ್ದು ಆಗಿರುತ್ತದೆ. ಆದ್ದರಿಂದ ಇವತ್ತು ಎಷ್ಟು ಸರಿಯಬೇಕು ಎನ್ನುವುದಕ್ಕಿಂತ ಯಾವಾಗ ಸರಿಯಬೇಕು ಎನ್ನುವುದನ್ನೇ ಹೆಚ್ಚಾಗಿ ಮಾತಾಡುತ್ತೇನೆ. ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೇನೆ. ಎಡಗೈಯವರು ಎಡ ಬಲ ಅದಲುಬದಲು ಮಾಡಿಕೊಳ್ಳಬೇಕು.

ಒಮ್ಮೆ ಎಲ್ಲರೂ ಎದ್ದು ನಿಲ್ಲಿ. ಎರಡೂ ಪಾದಗಳ ಮೇಲೆ ಸಮನಾಗಿ ಭಾರ ಬಿಡಿ. ಈಗ ಎಡಗಾಲನ್ನು ಸ್ವಲ್ಪ ಚುರುಕಾಗಿ ನೆಲದಿಂದ ಎತ್ತಿ. ಇನ್ನೊಮ್ಮೆ ಮಾಡಿ, ಈ ಸಲ ಗಮನ ಅಂಗಾಲಿನ ಮೇಲಿರಲಿ. ಯಾವ ಕಾಲನ್ನು ಎತ್ತಬೇಕೋ ಅದೇ ಕಾಲು ಮೊದಲು ಒಂದು ಕ್ಷಣ ನೆಲವನ್ನು ಒತ್ತುತ್ತದೆ. ಆ ಒತ್ತಿನಿಂದ ದೇಹ ಬಲಕ್ಕೆ ಸರಿಯುತ್ತದೆ, ಆಮೇಲೆ ಎಡಗಾಲು ಏಳುತ್ತದೆ. ಅಂದರೆ ಒತ್ತಡ ಎಡಕ್ಕೆ ಹೋಯಿತು, ದೇಹ ಬಲಕ್ಕೆ ಹೋಯಿತು. ಒತ್ತಡ ಬೇರೆ, ತೂಕ ಬೇರೆ. ಕೂತುಕೊಳ್ಳಿ.

ತೂಕ ಎಲ್ಲಿದೆ ಎಂದರೆ ದೇಹದ ಗುರುತ್ವ ಕೇಂದ್ರ ಎಲ್ಲಿದೆ ಎಂದರ್ಥ. ಒಳ್ಳೆಯ ಸ್ವಿಂಗ್‌ನಲ್ಲಿ ಅದು ಅಕ್ಕಪಕ್ಕಕ್ಕೆ ಸರಿಯುವುದು ಕೆಲವೇ ಸೆಂಟಿಮೀಟರ್. ಒತ್ತಡ ಎಂದರೆ ಆ ಕ್ಷಣದಲ್ಲಿ ಪಾದಗಳು ನೆಲವನ್ನು ಎಲ್ಲಿ, ಎಷ್ಟು ತುಳಿಯುತ್ತಿವೆ ಎನ್ನುವುದು. ಅದು ಒಂದು ಪಾದದಿಂದ ಇನ್ನೊಂದಕ್ಕೆ ಬಲು ಬೇಗ ಹಾರುತ್ತದೆ. ತೂಕದ ಯಂತ್ರದ ಮೇಲೆ ನಿಂತು ತಟ್ಟನೆ ಮಂಡಿ ಮಡಚಿ ನೋಡಿ. ಮುಳ್ಳು ಮೊದಲು ಕೆಳಗಿಳಿಯುತ್ತದೆ, ನೀವು ಕುಗ್ಗುವುದನ್ನು ನಿಲ್ಲಿಸುವಾಗ ನಿಮ್ಮ ತೂಕವನ್ನೂ ಮೀರಿ ಮೇಲೇರುತ್ತದೆ. ನಿಮ್ಮ ತೂಕ ಬದಲಾಗಿಲ್ಲ, ನೆಲದ ಮೇಲಿನ ಒತ್ತು ಬದಲಾಗಿದೆ.

ಇದನ್ನು ಅಳೆಯುವ ಸಾಧನಗಳು ಎರಡು ಬಗೆ. ಪ್ರೆಶರ್ ಮ್ಯಾಟ್ ಒತ್ತಡದ ಹಂಚಿಕೆಯನ್ನು ಮಾತ್ರ ತೋರಿಸುತ್ತದೆ: ಎಡ ಎಷ್ಟು, ಬಲ ಎಷ್ಟು, ಹಿಮ್ಮಡಿಯಲ್ಲಿ ಎಷ್ಟು, ಬೆರಳುಗಳ ಕಡೆ ಎಷ್ಟು. ಫೋರ್ಸ್ ಪ್ಲೇಟ್ ಅದರ ಜೊತೆಗೆ ಪಾದಗಳು ನೆಲವನ್ನು ಅಡ್ಡಡ್ಡಲಾಗಿ ಎಷ್ಟು ತಳ್ಳುತ್ತಿವೆ, ಎಷ್ಟು ತಿರುಚುತ್ತಿವೆ ಎನ್ನುವುದನ್ನೂ ಅಳೆಯುತ್ತದೆ. ಮ್ಯಾಟ್ ಮೇಲೆ ‘ಎಡ 80’ ಎಂದು ಕಂಡರೆ ಆ ಕ್ಷಣದ ಒಟ್ಟು ಒತ್ತಡದಲ್ಲಿ ಶೇಕಡ 80ರಷ್ಟು ಎಡಪಾದದ ಕೆಳಗಿದೆ ಎಂದಷ್ಟೇ ತಿಳಿಯಬೇಕು. ದೇಹದ ಶೇಕಡ 80 ಭಾಗ ಎಡಪಾದದ ಮೇಲೆ ಬಂದು ನಿಂತಿದೆ ಎಂದು ಓದಿಕೊಂಡವರು ತಪ್ಪು ಅಭ್ಯಾಸಕ್ಕೆ ಇಳಿಯುತ್ತಾರೆ.

ಈಗ 7 ಐರನ್ (ಮಧ್ಯಮ ದೂರಕ್ಕೆ ಬಳಸುವ ಕ್ಲಬ್) ಹಿಡಿದು ಒಂದು ಸ್ವಿಂಗ್ ಅನ್ನು ಮೊದಲಿಂದ ನೋಡೋಣ. ನಿಂತಾಗ ಹೆಚ್ಚುಕಡಿಮೆ ಅರ್ಧರ್ಧ. ಒತ್ತಡ ಪಾದದ ನಡುಭಾಗದಲ್ಲಿ, ಶೂ ಲೇಸಿನ ಗಂಟಿನ ನೇರ ಕೆಳಗೆ ಇರಬೇಕು. ಬೆರಳುಗಳ ಮೇಲೂ ಅಲ್ಲ, ಹಿಮ್ಮಡಿಯ ಮೇಲೂ ಅಲ್ಲ. ಕ್ಲಬ್ ಹಿಂದಕ್ಕೆ ಹೊರಡುವ ಮೊದಲು ಎಡಪಾದ ನೆಲವನ್ನು ಸಣ್ಣದಾಗಿ ಒತ್ತುತ್ತದೆ, ಈಗ ತಾನೇ ನೀವು ಕಾಲೆತ್ತುವಾಗ ಮಾಡಿದ ಹಾಗೆ. ಆ ಒತ್ತು ಒತ್ತಡವನ್ನು ಬಲಕ್ಕೆ ಕಳಿಸುತ್ತದೆ. ಎಡತೋಳು ನೆಲಕ್ಕೆ ಸಮಾನಾಂತರವಾಗುವ ಹೊತ್ತಿಗೆ ಬಲಪಾದದಲ್ಲಿ ಶೇಕಡ 75ರಿಂದ 80ರಷ್ಟು ಒತ್ತಡ ಸೇರಿರುತ್ತದೆ. ಅದೇ ಅದರ ಗರಿಷ್ಠ. ಕ್ಲಬ್ ಇನ್ನೂ ಮೇಲಕ್ಕೇರುತ್ತಿರುವಾಗಲೇ ಒತ್ತಡ ಎಡಕ್ಕೆ ಮರಳಲು ಶುರು ಮಾಡುತ್ತದೆ. ಬ್ಯಾಕ್‌ಸ್ವಿಂಗ್‌ನ, ಅಂದರೆ ಕ್ಲಬ್ ಹಿಂದಕ್ಕೆ ಏರುವ ಹಂತದ, ತುದಿಯಲ್ಲಿ ಬಲಪಾದದಲ್ಲಿ ಉಳಿದಿರುವುದು ಶೇಕಡ 60ರ ಆಸುಪಾಸು, ಕೆಲವರಲ್ಲಿ ಅದಕ್ಕೂ ಕಡಿಮೆ. ಕೆಳಗಿಳಿಯುವಾಗ ಎಡತೋಳು ಮತ್ತೆ ನೆಲಕ್ಕೆ ಸಮಾನಾಂತರವಾಗುವ ಹೊತ್ತಿಗೆ ಎಡಪಾದ ಶೇಕಡ 70 ದಾಟಿರುತ್ತದೆ. ಚೆಂಡಿಗೆ ತಗಲುವಾಗ ಹೆಚ್ಚಿನ ನುರಿತ ಆಟಗಾರರಲ್ಲಿ ಐರನ್‌ಗಳಿಗೆ ಇದು ಶೇಕಡ 80ರ ಸುತ್ತಮುತ್ತ.

ಒತ್ತಡ ಇಷ್ಟು ಬೇಗ ಯಾಕೆ ತಿರುಗಬೇಕು? ಬ್ಯಾಕ್‌ಸ್ವಿಂಗ್‌ಗೆ ಹಿಡಿಯುವುದು ಸುಮಾರು ಮುಕ್ಕಾಲು ಸೆಕೆಂಡು. ಕ್ಲಬ್ ಚೆಂಡಿನತ್ತ ಇಳಿಯುವ ಡೌನ್‌ಸ್ವಿಂಗ್‌ಗೆ ಸುಮಾರು ಕಾಲು ಸೆಕೆಂಡು. ಏನನ್ನಾದರೂ ನೋಡಿ ಅಥವಾ ಗ್ರಹಿಸಿ ದೇಹ ಪ್ರತಿಕ್ರಿಯಿಸಲು ಬೇಕಾಗುವುದೇ 0.2 ಸೆಕೆಂಡಿನಷ್ಟು. ಕ್ಲಬ್ ತುದಿ ಮುಟ್ಟಿತು, ಇನ್ನು ಎಡಕ್ಕೆ ಸರಿಯೋಣ ಎಂದುಕೊಂಡರೆ ಆ ಆಜ್ಞೆ ಕಾಲಿಗೆ ತಲುಪುವಷ್ಟರಲ್ಲಿ ಕ್ಲಬ್ ಚೆಂಡಿನ ಹತ್ತಿರ ಬಂದಿರುತ್ತದೆ. ಹಾಗಾಗಿ ತೋಳುಗಳು ಇನ್ನೂ ಹಿಂದಕ್ಕೆ ಹೋಗುತ್ತಿರುವಾಗಲೇ ಪಾದಗಳು ಮುಂದಿನ ಕೆಲಸಕ್ಕೆ ಇಳಿದಿರಬೇಕು. ಬ್ಯಾಕ್‌ಸ್ವಿಂಗ್ ಮುಗಿದ ಮೇಲೆ ಡೌನ್‌ಸ್ವಿಂಗ್ ಎಂಬ ಕ್ರಮ ತೋಳುಗಳಿಗೆ ಮಾತ್ರ ಸರಿ. ಕಾಲುಗಳಿಗೆ ಈ ಎರಡೂ ಒಂದರ ಮೇಲೊಂದು ಬಂದಿರುತ್ತವೆ.

ಇಲ್ಲೇ ಒಂದು ಗೊಂದಲ ಪರಿಹರಿಸಿಕೊಳ್ಳಬೇಕು. ‘ನನ್ನ ತೂಕ ಬಲಗಾಲಿನಲ್ಲೇ ಉಳಿದುಬಿಡುತ್ತದೆ’ ಎನ್ನುವವರಿಗೆ ಸಿಗುವ ಪರಿಹಾರ ‘ಎಡಕ್ಕೆ ಇನ್ನೂ ಜೋರಾಗಿ ತಳ್ಳಿ’ ಎಂದು. ಮ್ಯಾಟ್ ಮೇಲೆ ನೋಡಿದರೆ ಅವರ ತೊಂದರೆ ಎಡಕ್ಕೆ ಬರುವುದರಲ್ಲಿ ಇರುವುದಿಲ್ಲ, ಬಲಕ್ಕೆ ಹೋಗುವುದು ತಡವಾಗಿರುತ್ತದೆ. ಬಲಪಾದದ ಗರಿಷ್ಠ ಒತ್ತಡ ತೋಳು ಸಮಾನಾಂತರವಾದಾಗ ಬರುವ ಬದಲು ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ಬಂದಿರುತ್ತದೆ. ಅಲ್ಲಿಂದ ಎಷ್ಟು ತಳ್ಳಿದರೂ ಹೊತ್ತು ಸಾಲದು. ಬಲಕ್ಕೆ ಬೇಗ ಹೋಗುವುದೇ ಇದಕ್ಕೆ ಮದ್ದು. ಕಲಿಸುವವರು ಈ ಒಂದು ವಿಷಯ ತಿದ್ದಿದರೆ ಉಳಿದ ಎಷ್ಟೋ ಮಾತು ಉಳಿಯುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಎಡ ಬಲದ ಜೊತೆಗೆ ಹಿಮ್ಮಡಿ ಮತ್ತು ಬೆರಳಿನ ಲೆಕ್ಕವೂ ಇದೆ. ಬ್ಯಾಕ್‌ಸ್ವಿಂಗ್‌ನಲ್ಲಿ ಬಲಪಾದದ ಒತ್ತಡ ನಡುಭಾಗದಿಂದ ಹಿಮ್ಮಡಿಯ ಕಡೆಗೆ ಸರಿಯುತ್ತದೆ, ಏಕೆಂದರೆ ಸೊಂಟ ಆ ಕಡೆ ತಿರುಗುತ್ತಿರುತ್ತದೆ. ಡೌನ್‌ಸ್ವಿಂಗ್‌ನಲ್ಲಿ ಎಡಪಾದದ ಒತ್ತಡ ಮೊದಲು ಪಾದದ ಮುಂಭಾಗಕ್ಕೆ ಬಿದ್ದು, ಸೊಂಟ ತೆರೆದುಕೊಂಡಂತೆ ಹಿಮ್ಮಡಿಗೆ ಹಿಂಜರಿಯುತ್ತದೆ. ಬಲಪಾದದಲ್ಲಿ ಆಗ ಉಳಿದಿರುವುದು ಹೆಬ್ಬೆರಳಿನ ಬುಡದ ಒಳಬದಿಯ ಒತ್ತಡ ಮಾತ್ರ.

ನೆಲವನ್ನು ಕೆಳಕ್ಕೆ ತುಳಿಯುವ ಬಲದ ಕಥೆ ಇನ್ನೂ ಸ್ವಾರಸ್ಯಕರ. ಡೌನ್‌ಸ್ವಿಂಗ್ ಶುರುವಾಗುವಾಗ ದೇಹ ತುಸು ಕುಗ್ಗುತ್ತದೆ. ತಕ್ಷಣ ಎಡಗಾಲು ನೆಲವನ್ನು ಒದ್ದು ನೆಟ್ಟಗಾಗಲು ಹೊರಡುತ್ತದೆ. ಆ ಒದೆತದ ಶಿಖರ ಬರುವುದು ಚೆಂಡಿಗೆ ತಗಲುವಾಗ ಅಲ್ಲ, ಅದಕ್ಕೂ ಮುಂಚೆ, ಎಡತೋಳು ನೆಲಕ್ಕೆ ಸಮಾನಾಂತರವಾದ ಹೊತ್ತಿನಲ್ಲಿ. ಎಡಪಾದ ದೇಹದ ನಡುರೇಖೆಯಿಂದ ಆಚೆ ಇರುವುದರಿಂದ, ನೆಲ ಅಲ್ಲಿಂದ ಮೇಲಕ್ಕೆ ತಳ್ಳಿದಾಗ ಎಡಬದಿ ಮೇಲೇಳುತ್ತದೆ, ದೇಹ ತಿರುಗುವ ವೇಗ ಹೆಚ್ಚುತ್ತದೆ, ಅದು ಕ್ಲಬ್‌ಗೆ ತಲುಪುತ್ತದೆ. ಅಮೆರಿಕದ ಗಾಲ್ಫರ್‌ಗಳಾದ ಜಸ್ಟಿನ್ ಥಾಮಸ್, ಲೆಕ್ಸಿ ಥಾಂಪ್ಸನ್ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಹೊಡೆಯುವಾಗ ಹಿಮ್ಮಡಿಗಳು ನೆಲ ಬಿಟ್ಟಿರುವ ಚಿತ್ರಗಳನ್ನು ನೀವು ನೋಡಿರಬಹುದು. ಅವರು ಹಾರಲು ಹೊರಟವರಲ್ಲ. ಮುಂಚೆ ಒದ್ದ ಒದೆತದ ಫಲ ಚೆಂಡಿನ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಚಿತ್ರ ನೋಡಿ ಏಟಿನ ಕ್ಷಣದಲ್ಲಿ ಜಿಗಿಯಲು ಹೋದರೆ ಚೆಂಡಿನ ತಲೆಗೆ ಹೊಡೆಯುವುದು ಖಚಿತ.

ಎಲ್ಲ ಒಳ್ಳೆಯ ಆಟಗಾರರ ಒತ್ತಡದ ಗೆರೆಯೂ ಒಂದೇ ರೀತಿ ಇರುವುದಿಲ್ಲ. 2007ರಲ್ಲಿ ಆಸ್ಟ್ರೇಲಿಯಾದ ಕೆವಿನ್ ಬಾಲ್ ಮತ್ತು ರಸೆಲ್ ಬೆಸ್ಟ್ 62 ಗಾಲ್ಫರ್‌ಗಳ ಒತ್ತಡದ ಜಾಡನ್ನು ಅಳೆದು ಪ್ರಕಟಿಸಿದರು. ಅವರಿಗೆ ಎರಡು ಗುಂಪು ಕಂಡವು. ಒಂದರಲ್ಲಿ ಒತ್ತಡ ಚೆಂಡಿನ ಹೊತ್ತಿಗೂ ಎಡಕ್ಕೇ ಹೋಗುತ್ತಿತ್ತು. ಇನ್ನೊಂದರಲ್ಲಿ ಡೌನ್‌ಸ್ವಿಂಗ್‌ನ ಆರಂಭದಲ್ಲಿ ಎಡಕ್ಕೆ ಬಂದು, ಚೆಂಡಿಗೆ ತಗಲುವ ಹೊತ್ತಿಗೆ ಮತ್ತೆ ನಡುವಿನತ್ತ ಹಿಂದೆ ಸರಿಯುತ್ತಿತ್ತು. ಎರಡನೆಯದನ್ನು ತಪ್ಪು ಎನ್ನಲು ಆಧಾರ ಸಿಗಲಿಲ್ಲ. ಎರಡೂ ಗುಂಪಿನಲ್ಲಿ ನುರಿತವರಿದ್ದರು. ಗಮನಿಸಿ, ಹಿಂದೆ ಸರಿಯುವ ಗುಂಪಿನವರೂ ಮೊದಲು ಎಡಕ್ಕೆ ಬಂದೇ ಬಂದಿದ್ದರು. ಬಲಪಾದದಲ್ಲೇ ಕೂತವರ ಜಾಡು ಬೇರೆಯೇ. ನಿಮ್ಮ ಮ್ಯಾಟ್‌ನ ಒಂದು ಅಂಕಿ ನೋಡಿ ಗಾಬರಿಯಾಗುವ ಮೊದಲು ಇಡೀ ಗೆರೆಯನ್ನು ನೋಡಿ ಎನ್ನುವುದು ಇದಕ್ಕಾಗಿ.

ಇನ್ನು ದೋಷಗಳು. ಬ್ಯಾಕ್‌ಸ್ವಿಂಗ್‌ನಲ್ಲಿ ಸೊಂಟ ತಿರುಗದೆ ಬಲಕ್ಕೆ ಜಾರಿದರೆ ಒತ್ತಡ ಬಲಪಾದದ ಹೊರ ಅಂಚಿಗೆ ಹೋಗಿ, ಹೆಬ್ಬೆರಳಿನ ಬದಿ ನೆಲ ಬಿಡುತ್ತದೆ. ಆ ಅಂಚಿನಿಂದ ಎಡಕ್ಕೆ ತಳ್ಳಲು ಆಸರೆಯೇ ಇಲ್ಲ. ಅಭ್ಯಾಸದಲ್ಲಿ ಬಲ ಶೂವಿನ ಹೊರ ಅಂಚಿನ ಕೆಳಗೆ ಒಂದು ಚೆಂಡು ಇಟ್ಟು ಅರ್ಧ ವೇಗದಲ್ಲಿ ಆಡಿದರೆ, ಜಾರಿದ ಕೂಡಲೇ ಪಾದಕ್ಕೆ ಗೊತ್ತಾಗುತ್ತದೆ.

ಏಟಿನ ಹೊತ್ತಿಗೆ ಒತ್ತಡ ಬಲದಲ್ಲೇ ಇದ್ದರೆ ಸ್ವಿಂಗ್‌ನ ಕಮಾನಿನ ತಳ ಚೆಂಡಿಗಿಂತ ಹಿಂದೆ ಬೀಳುತ್ತದೆ. ಕ್ಲಬ್ ಮೊದಲು ನೆಲಕ್ಕೆ ಹೊಡೆಯುತ್ತದೆ. ಅದನ್ನು ತಪ್ಪಿಸಲು ಕೈಗಳು ತಾವಾಗಿಯೇ ಮೇಲಕ್ಕೆ ಎಳೆದುಕೊಂಡರೆ ಚೆಂಡಿನ ಮೇಲ್ಭಾಗಕ್ಕೆ ತಗಲುತ್ತದೆ. ಒಂದೇ ಆಟಗಾರ ಒಂದು ಹೊಡೆತದಲ್ಲಿ ಮಣ್ಣು ಅಗೆದು ಮುಂದಿನದರಲ್ಲಿ ಚೆಂಡಿನ ತಲೆ ಸವರುವುದು ಹೀಗೆ. ಎರಡರ ಮೂಲ ಒಂದೇ.

ವಿರುದ್ಧ ದಿಕ್ಕಿನ ಅತಿರೇಕವೂ ಇದೆ. ಸೊಂಟ ತಿರುಗದೆ ಎಡಕ್ಕೆ ಜಾರಿ ಎಡಪಾದದ ಹೊರಗಂಚನ್ನು ದಾಟಿದರೆ ತಿರುಗುವಿಕೆ ನಿಂತುಹೋಗುತ್ತದೆ, ಚೆಂಡು ಬಲಕ್ಕೆ ನೇರವಾಗಿ ಹೋಗುತ್ತದೆ ಅಥವಾ ಕೈಗಳು ಗಾಬರಿಯಿಂದ ಮುಚ್ಚಿ ಹುಕ್ ಆಗುತ್ತದೆ, ಅಂದರೆ ಚೆಂಡು ಎಡಕ್ಕೆ ಬಾಗುತ್ತದೆ. ಎಡ ಹಿಮ್ಮಡಿಯ ಮೇಲೆ ಗಮನವಿಟ್ಟರೆ ಇದು ತಾನಾಗಿ ಕಡಿಮೆಯಾಗುತ್ತದೆ. ಡೌನ್‌ಸ್ವಿಂಗ್‌ನಲ್ಲಿ ಎರಡೂ ಪಾದಗಳ ಒತ್ತಡ ಬೆರಳುಗಳಿಗೆ ನುಗ್ಗಿದರೆ ಮೈ ಚೆಂಡಿನ ಕಡೆಗೆ ಬರುತ್ತದೆ, ಕ್ಲಬ್‌ನ ತಲೆ ಕೋಲಿಗೆ ಸೇರುವ ಬುಡ ಚೆಂಡಿಗೆ ತಗಲಿ ಶ್ಯಾಂಕ್ ಆಗುತ್ತದೆ. ಅಂಥವರು ನಿಂತ ಭಂಗಿಯನ್ನೇ ಮೊದಲು ಪರೀಕ್ಷಿಸಿಕೊಳ್ಳಬೇಕು; ಆರಂಭದಲ್ಲೇ ಬೆರಳ ಮೇಲೆ ವಾಲಿರುವ ಸಾಧ್ಯತೆ ಹೆಚ್ಚು.

ಹೊತ್ತನ್ನು ಕಲಿಸುವ ಅಭ್ಯಾಸಗಳಲ್ಲಿ ನನ್ನ ಮೊದಲ ಆಯ್ಕೆ ಹೆಜ್ಜೆಯ ಅಭ್ಯಾಸ. 7 ಐರನ್ ತೆಗೆದುಕೊಂಡು ಎರಡೂ ಪಾದ ಜೋಡಿಸಿ, ಬಲಪಾದ ಅದರ ಮಾಮೂಲಿ ಜಾಗದಲ್ಲಿರುವಂತೆ ನಿಲ್ಲಿ. ಕ್ಲಬ್ ಹಿಂದಕ್ಕೆ ಹೊರಡಲಿ. ಅದು ಮೇಲೆ ತಲುಪುವ ಮೊದಲೇ ಎಡಗಾಲು ತನ್ನ ಮಾಮೂಲಿ ಜಾಗಕ್ಕೆ ಹೆಜ್ಜೆ ಇಡಬೇಕು, ನಂತರ ಹೊಡೆಯಬೇಕು. ಕ್ಲಬ್ ಇನ್ನೂ ಹಿಂದಕ್ಕೆ ಹೋಗುತ್ತಿದೆ, ಕಾಲು ಮುಂದಕ್ಕೆ ಬರುತ್ತಿದೆ. ಆ ಎಳೆತ ಹೊಟ್ಟೆ ಮತ್ತು ಬೆನ್ನಿನಲ್ಲಿ ಸ್ಪಷ್ಟವಾಗಿ ತಿಳಿಯಬೇಕು. ಮೊದಲು ಚೆಂಡಿಲ್ಲದೆ ಹತ್ತು, ಆಮೇಲೆ ಟೀ ಎಂಬ ಸಣ್ಣ ಗೂಟದ ಮೇಲಿಟ್ಟ ಚೆಂಡಿಗೆ ಅರ್ಧ ವೇಗದಲ್ಲಿ. ಇದರಲ್ಲಿ ಆಗುವ ತಪ್ಪು ಎಂದರೆ ಕ್ಲಬ್ ಮೇಲೆ ತಲುಪಿ ನಿಂತ ಮೇಲೆ ಹೆಜ್ಜೆ ಇಡುವುದು. ಹಾಗೆ ಮಾಡಿದರೆ ಹಳೆಯ ದೋಷವನ್ನೇ ಗಟ್ಟಿ ಮಾಡಿಕೊಂಡಂತೆ. ಫೋನನ್ನು ಎದುರಿಗೆ ಇಟ್ಟು ಸೆಕೆಂಡಿಗೆ 240 ಚೌಕಟ್ಟುಗಳಲ್ಲಿ ಚಿತ್ರೀಕರಿಸಿ. ಕಾಲು ಸೆಕೆಂಡಿನ ಡೌನ್‌ಸ್ವಿಂಗ್‌ಗೆ ಸುಮಾರು 60 ಚೌಕಟ್ಟು ಸಿಗುತ್ತವೆ, ಹೆಜ್ಜೆ ಊರಿದ್ದು ಯಾವಾಗ ಎಂದು ಎಣಿಸಿ ನೋಡಬಹುದು.

ಫಲಿತಾಂಶ ತಿಳಿಯಲು ಒಂದು ಗೆರೆ ಸಾಕು. ಹುಲ್ಲಿನ ಮೇಲೆ ಗುರಿಗೆ ಅಡ್ಡಲಾಗಿ ಗೆರೆ ಎಳೆದು, ಚೆಂಡಿಲ್ಲದೆ ಸ್ವಿಂಗ್ ಮಾಡಿ. ಡಿವಟ್ (ಕ್ಲಬ್ ಹುಲ್ಲು ಕಿತ್ತ ಗುರುತು) ಗೆರೆಯ ಮೇಲೆ ಅಥವಾ ಅದರ ಗುರಿಯ ಬದಿಯಲ್ಲಿ ಶುರುವಾಗಬೇಕು. ವೃತ್ತಿಪರರ ಐರನ್ ಸ್ವಿಂಗ್‌ನ ತಳ ಚೆಂಡಿನಿಂದ ಸುಮಾರು 10 ಸೆಂಟಿಮೀಟರ್ ಮುಂದಿರುತ್ತದೆ.

ಎಲ್ಲ ಹೊಡೆತಕ್ಕೂ ಇದೇ ಲೆಕ್ಕ ಬೇಡ. ಡ್ರೈವರ್‌ಗೆ ಬಲದಲ್ಲಿ ಶೇಕಡ 55ರಷ್ಟು ಇಟ್ಟು ಶುರು ಮಾಡಬಹುದು, ಚೆಂಡು ಎಡ ಹಿಮ್ಮಡಿಯ ಒಳಬದಿಯ ನೇರಕ್ಕಿರಲಿ. ಹತ್ತಿರದಿಂದ ಆಡುವ ಚಿಕ್ಕ ಚಿಪ್ ಹೊಡೆತದಲ್ಲಿ ಎಡಕ್ಕೆ ಶೇಕಡ 60ರಿಂದ 70 ಇಟ್ಟು ಕೊನೆಯವರೆಗೂ ಅಲ್ಲೇ ಉಳಿಯಬೇಕು. ಚೆಂಡನ್ನು ಕುಳಿಯತ್ತ ಉರುಳಿಸುವ ಪಟಿಂಗ್‌ನಲ್ಲಿ ಪಾದಗಳು ಅಲುಗಬಾರದು. ಇಳಿಜಾರಿನಲ್ಲಿ ಒತ್ತಡ ತಗ್ಗಿನ ಪಾದಕ್ಕೇ ಹೋಗುತ್ತದೆ. ಎಡಪಾದ ಎತ್ತರದಲ್ಲಿದ್ದರೆ ಎಡಕ್ಕೆ ಮರಳುವುದು ಕಷ್ಟ, ಆದ್ದರಿಂದ ಒಂದು ಕ್ಲಬ್ ಹೆಚ್ಚು (ಇನ್ನಷ್ಟು ದೂರ ಹೊಡೆಯುವುದು) ತೆಗೆದುಕೊಂಡು ಮುಕ್ಕಾಲು ಸ್ವಿಂಗ್ ಆಡುವುದು ಜಾಣತನ. ಬಂಕರ್ ಎಂಬ ಮರಳಿನ ಗುಂಡಿಯಲ್ಲಿ ನಿಲ್ಲುವಾಗ ಪಾದಗಳನ್ನು ಮರಳಿನಲ್ಲಿ ಹೂತು ಗಟ್ಟಿ ಮಾಡಿಕೊಳ್ಳಲು ಗಾಲ್ಫ್ ನಿಯಮ 12.2 ಅವಕಾಶ ಕೊಡುತ್ತದೆ. ಅದೇ ನಿಯಮ ಅಭ್ಯಾಸದ ಸ್ವಿಂಗ್‌ನಲ್ಲಿ ಕ್ಲಬ್ ಮರಳಿಗೆ ತಾಗಿದರೆ ಹೊಡೆತ ಎಣಿಸುವ ಆಟದಲ್ಲಿ ಎರಡು ಹೊಡೆತಗಳ ದಂಡ ಹಾಕುತ್ತದೆ, ಹಾಗಾಗಿ ಮರಳಿನ ಗಡಸುತನವನ್ನು ಪಾದಗಳಿಂದಲೇ ತಿಳಿದುಕೊಳ್ಳಬೇಕು.

ಕೊನೆಯದಾಗಿ ಎಡ ಮಂಡಿ. ಒದೆತವೂ ತಿರುಚುವಿಕೆಯೂ ಒಟ್ಟಿಗೆ ಬೀಳುವ ಕೀಲು ಅದು. ಎಡಪಾದವನ್ನು ಗುರಿಯ ಕಡೆಗೆ 20ರಿಂದ 30 ಡಿಗ್ರಿ ತೆರೆದಿಟ್ಟರೆ ಸೊಂಟ ತಿರುಗಲು ದಾರಿ ಸಿಗುತ್ತದೆ, ಮಂಡಿಯ ಹೊರೆ ತಗ್ಗುತ್ತದೆ. ಪಾದ ನೇರವಾಗಿಟ್ಟು, ಸ್ಪೈಕ್ ನೆಲಕ್ಕೆ ಕಚ್ಚಿಕೊಂಡು, ಮೇಲಿನ ದೇಹ ಮಾತ್ರ ತಿರುಗಿದರೆ ಆ ತಿರುಚು ಮಂಡಿಯಲ್ಲೇ ತಂಗುತ್ತದೆ. ಈಗಾಗಲೇ ಮಂಡಿ ನೋವಿರುವವರು ಪಾದವನ್ನು ಇನ್ನೂ ಸ್ವಲ್ಪ ತೆರೆಯಲಿ, ಮತ್ತು ಏಟಿನ ನಂತರ ಎಡಪಾದ ಹಿಮ್ಮಡಿಯ ಮೇಲೆ ತುಸು ತಿರುಗಲು ಬಿಡಲಿ. ಸವೆದ ಸ್ಪೈಕ್‌ಗಳನ್ನು ಬದಲಿಸುವಾಗ ಎರಡೂ ಶೂಗಳದ್ದನ್ನು ಒಟ್ಟಿಗೇ ಬದಲಿಸಿ. ಒಂದು ಪಾದ ಕಚ್ಚಿಕೊಂಡು ಇನ್ನೊಂದು ಜಾರಿದರೆ ಇಷ್ಟು ಹೊತ್ತು ಹೇಳಿದ ಯಾವ ಲೆಕ್ಕವೂ ಕೂಡಿಬರುವುದಿಲ್ಲ.