ತಳಿ ನೋಡಿ ನಾಯಿ ನಿಷೇಧಿಸಿದರೆ ಕಚ್ಚೋದು ನಿಲ್ಲುತ್ತಾ?

[ದೃಶ್ಯ: ನಾಯಿಯ ಹೆಗಲಿನ ಪಕ್ಕ ಅಳತೆ ಟೇಪು. 51 ಸೆಂ.ಮೀ. ಗುರುತು ಹತ್ತಿರದಿಂದ.]

ಈ ಟೇಪಿನಲ್ಲಿ 51 ಅನ್ನೋ ಗುರುತು ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದು ಗಂಡು ನಾಯಿ ‘ಎಕ್ಸ್‌ಎಲ್ ಬುಲ್ಲಿ’ ಅನ್ನೋ ದೊಡ್ಡ ಮೈಕಟ್ಟಿನ ಬಗೆಯದು ಹೌದೋ ಅಲ್ಲವೋ ಅಂತ ತೀರ್ಮಾನಿಸುವಾಗ ನೆಲದಿಂದ ಹೆಗಲಿನವರೆಗೆ ಕನಿಷ್ಠ ಇಷ್ಟು ಎತ್ತರ ಇದೆಯಾ ಅಂತ ನೋಡ್ತಾರೆ. ಹೆಣ್ಣಾದರೆ 48 ಸೆಂಟಿಮೀಟರ್. ಅಷ್ಟು ಎತ್ತರ ಇದ್ದು, ತಲೆ, ದವಡೆ, ಎದೆ, ಕಾಲುಗಳ ಆಕಾರವೂ ಸರ್ಕಾರದ ವಿವರಣೆಗೆ ಬಹುಪಾಲು ಹೊಂದಿದರೆ ಅದನ್ನು ನಿಷೇಧಿತ ನಾಯಿ ಅಂತ ಪರಿಗಣಿಸಬಹುದು. ಅದರ ತಾಯಿ ತಂದೆ ಯಾವ ತಳಿ, ಅದು ಈವರೆಗೆ ಯಾರಿಗಾದರೂ ಕಚ್ಚಿದೆಯಾ? ಈ ಲೆಕ್ಕದಲ್ಲಿ ಆ ಪ್ರಶ್ನೆಗಳು ಬರೋದೇ ಇಲ್ಲ.

ತಳಿ ಆಧಾರಿತ ಕಾನೂನು ಅಂದರೆ ಇದೇ. ನಾಯಿ ಏನು ಮಾಡಿತು ಅನ್ನೋದಕ್ಕಿಂತ ಅದು ಹೇಗೆ ಕಾಣುತ್ತೆ ಅನ್ನೋದರ ಮೇಲೆ ನಿಂತ ಕಾನೂನು.

[ಪರದೆ ಮೇಲೆ: ಡೇಂಜರಸ್ ಡಾಗ್ಸ್ ಆಕ್ಟ್, 1991]

ಬ್ರಿಟನ್ನಿನ 1991ರ ಕಾಯ್ದೆ ನಾಲ್ಕು ಹೆಸರುಗಳಿಂದ ಶುರುವಾಯಿತು: ಪಿಟ್ ಬುಲ್ ಟೆರಿಯರ್, ಜಪಾನೀಸ್ ಟೋಸಾ, ಡೊಗೊ ಅರ್ಜೆಂಟೀನೊ, ಫಿಲಾ ಬ್ರೆಸಿಲೇರೊ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರ ಡಿಸೆಂಬರ್ 31ರಿಂದ ಎಕ್ಸ್‌ಎಲ್ ಬುಲ್ಲಿಯನ್ನು ಮಾರೋದು, ಮರಿ ಮಾಡಿಸೋದು ಅಪರಾಧವಾಯಿತು. 2024ರ ಫೆಬ್ರವರಿ 1ರಿಂದ ವಿನಾಯಿತಿ ಪತ್ರ ಇಲ್ಲದೆ ಸಾಕೋದೂ ಅಪರಾಧ. ಪತ್ರ ಬೇಕಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ, ಮೈಕ್ರೋಚಿಪ್, ಬೇರೆಯವರಿಗೆ ಆಗುವ ಹಾನಿಗೆ ವಿಮೆ ಮಾಡಿಸಿರಬೇಕು. ಹೊರಗೆ ಕರೆದೊಯ್ಯುವಾಗ ಹಗ್ಗ ಮತ್ತು ಬಾಯಿಕುಕ್ಕೆ ಎರಡೂ ಕಡ್ಡಾಯ. ನಿಷೇಧಿತ ಬಗೆ ಅಂತ ಆರೋಪ ಬಂದರೆ, ಅಲ್ಲ ಅಂತ ಸಾಬೀತು ಮಾಡೋ ಹೊಣೆ ಮಾಲೀಕರದ್ದು.

ಇದೇ ಕಾಯ್ದೆಯ 3ನೇ ಸೆಕ್ಷನ್ ಬಗ್ಗೆ ಜನ ಮಾತಾಡೋದು ಕಡಿಮೆ, ಆದರೆ ನಮ್ಮ ಪ್ರಕಾರ ಕೆಲಸಕ್ಕೆ ಬರೋ ಭಾಗ ಅದೇ. ಯಾವುದೇ ತಳಿಯ ನಾಯಿ ಅಪಾಯ ಆಗುವ ಮಟ್ಟಿಗೆ ಹತೋಟಿ ತಪ್ಪಿದರೆ ಮಾಲೀಕರು ಅಪರಾಧಿ. ಕಚ್ಚಿರಲೇಬೇಕು ಅಂತಿಲ್ಲ. ಎದುರಿಗಿದ್ದವರಿಗೆ ‘ಇದು ನನಗೆ ಗಾಯ ಮಾಡುತ್ತೆ’ ಅಂತ ನ್ಯಾಯವಾಗಿಯೇ ಭಯ ಆದರೂ ಸಾಕು.

[ದೃಶ್ಯ: ನಕ್ಷೆ. ದೇಶಗಳು ಒಂದೊಂದಾಗಿ ಬೆಳಗುತ್ತವೆ.]

ಪಟ್ಟಿ ಮಾಡಿ, ಆಮೇಲೆ ಹಿಂದೆ ಸರಿದವರೂ ಇದ್ದಾರೆ. ನೆದರ್ಲೆಂಡ್ಸ್ 1993ರಲ್ಲಿ ಪಿಟ್ ಬುಲ್ ನಿಷೇಧಿಸಿತು. ಕಚ್ಚುವ ಪ್ರಕರಣ ಇಳಿಯಲಿಲ್ಲ ಅಂತ 2008ರಲ್ಲಿ ಕೈಬಿಡೋ ತೀರ್ಮಾನ ಮಾಡಿತು. ಅಮೆರಿಕದ ಡೆನ್ವರ್ ನಗರದ 1989ರ ನಿಷೇಧವನ್ನು 2020ರ ನವೆಂಬರ್‌ನಲ್ಲಿ ಮತದಾರರೇ ತೆಗೆದು, ಅದರ ಜಾಗಕ್ಕೆ ಪರವಾನಗಿ ತಂದರು. ಭಾರತದಲ್ಲಿ 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ 23 ತಳಿಗಳ ಮೇಲೆ ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರ ಅಭಿಪ್ರಾಯ ಕೇಳಿಲ್ಲ ಅಂತ ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಇಟಲಿ 2009ರಲ್ಲಿ ತಳಿಪಟ್ಟಿ ಬಿಟ್ಟು ಎಲ್ಲ ನಾಯಿಗಳಿಗೂ ಒಂದೇ ನಿಯಮ ಮಾಡಿತು: ಊರೊಳಗೆ ಒಂದೂವರೆ ಮೀಟರ್‌ಗಿಂತ ಉದ್ದದ ಹಗ್ಗ ಬೇಡ, ಬಾಯಿಕುಕ್ಕೆ ಜೊತೆಗಿರಲಿ.

ಪಟ್ಟಿ ಯಾಕೆ ಸೋಲುತ್ತೆ? ‘ಸೈನ್ಸ್’ ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ, 18,000ಕ್ಕೂ ಹೆಚ್ಚು ನಾಯಿಗಳ ಅಧ್ಯಯನ ನೋಡಿ. ಒಂದು ನಾಯಿಗೂ ಇನ್ನೊಂದಕ್ಕೂ ಸ್ವಭಾವದಲ್ಲಿ ಇರೋ ವ್ಯತ್ಯಾಸದಲ್ಲಿ ತಳಿಯ ಪಾಲು ಶೇಕಡಾ 9ರಷ್ಟು ಮಾತ್ರ. ಇನ್ನೊಂದು, 2013ರದು, ಅಮೆರಿಕದಲ್ಲಿ 2000ದಿಂದ 2009ರವರೆಗೆ ನಾಯಿ ಕಡಿತದಿಂದ ಆದ 256 ಸಾವುಗಳನ್ನು ಒಂದೊಂದಾಗಿ ಕೆದಕಿತು. ತಳಿ ಇಂಥದ್ದೇ ಅಂತ ಖಚಿತವಾಗಿ ಹೇಳಲು ಆಗಿದ್ದು ಶೇಕಡಾ 18ರಷ್ಟರಲ್ಲೂ ಅಲ್ಲ. ಖಚಿತವಾಗಿ ಸಿಕ್ಕಿದ್ದು ಸಂದರ್ಭಗಳು: ಶೇಕಡಾ 87ರಲ್ಲಿ ಬಿಡಿಸಲು ಶಕ್ತರಾದವರು ಹತ್ತಿರ ಇರಲಿಲ್ಲ, 84ರಲ್ಲಿ ನಾಯಿಗೆ ಸಂತಾನಹರಣ ಮಾಡಿಸಿರಲಿಲ್ಲ, 76ರಲ್ಲಿ ನಾಯಿಯನ್ನು ಮನೆಮಂದಿಯ ಜೊತೆ ಬೆರೆಸದೆ ಬೇರೆ ಇಟ್ಟಿದ್ದರು. ಇಂಥ ನಾಲ್ಕು ಅಥವಾ ಹೆಚ್ಚು ಕಾರಣ ಒಟ್ಟಿಗೆ ಸೇರಿದ್ದು ಶೇಕಡಾ 80ರಲ್ಲಿ.

ಹಾಗಂತ ಗಾತ್ರವನ್ನು ಮರೆಯೋ ಹಾಗಿಲ್ಲ. 40 ಕಿಲೋ ನಾಯಿ ಕಚ್ಚಿದರೆ ಆಗೋ ಗಾಯವೇ ಬೇರೆ, 5 ಕಿಲೋ ನಾಯಿಯದೇ ಬೇರೆ. ಬಲವಾದ ನಾಯಿ ಸಾಕೋರಿಗೆ ತಪ್ಪಿಗೆ ಜಾಗ ಕಡಿಮೆ. ನಿಮ್ಮಲ್ಲಿ ತಳಿ ಕಾನೂನು ಇದ್ದರೆ, ಅದು ಸರಿಯೋ ತಪ್ಪೋ, ಪಾಲಿಸಿ. ಪಾಲಿಸದಿದ್ದರೆ ಜೀವ ಕಳಕೊಳ್ಳೋದು ನಾಯಿ.

[ದೃಶ್ಯ: ಹಗ್ಗ, ಗೇಟು, ಬಾಯಿಕುಕ್ಕೆ]

ಈಗ ಕೈಯಲ್ಲಿ ಮಾಡೋ ಕೆಲಸ. ಹಗ್ಗ ಒಂದೂವರೆಯಿಂದ ಎರಡು ಮೀಟರ್, ಒಂದೇ ಉದ್ದದ್ದು. ತಾನಾಗಿ ಸುತ್ತಿಕೊಳ್ಳೋ ಹಗ್ಗ ಬೇಡ: ನಾಯಿ ಓಡಿ ಬಂದ ವೇಗಕ್ಕೆ ಲಾಕ್ ಜಾರುತ್ತೆ, ಹಿಡಿಯಲು ಹೋದ ಬೆರಳು ಕೊಯ್ಯುತ್ತೆ. ಕುತ್ತಿಗೆ ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು. ಮೂರು ಹೋದರೆ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಳ್ಳುತ್ತೆ. ನಾಯಿ ತಪ್ಪಿಸಿಕೊಳ್ಳೋದು ಹೆಚ್ಚಾಗಿ ಯಾರೋ ಒಳಗೆ ಬರುವಾಗ. ಅದಕ್ಕೇ ಮನೆ ಬಾಗಿಲು ಮತ್ತು ಗೇಟಿನ ನಡುವೆ ಇನ್ನೊಂದು ತಡೆ ಇರಲಿ, ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೆಯಿರಿ. ದಿನವಿಡೀ ಸರಪಳಿಯಲ್ಲಿ ಕಟ್ಟಬೇಡಿ. ಓಡಿಹೋಗಲು ದಾರಿ ಇಲ್ಲದ ನಾಯಿಗೆ ಉಳಿಯೋದು ಕಚ್ಚೋದೊಂದೇ.

ಮರಿಗೆ 3ರಿಂದ 14 ವಾರ ಅತಿ ಮುಖ್ಯ. ಆಗ ಮಕ್ಕಳು, ಕೋಲು ಹಿಡಿದವರು, ಹೆಲ್ಮೆಟ್ ಹಾಕಿದವರು, ಗಾಡಿ ಸದ್ದು ಎಲ್ಲವನ್ನೂ ದೂರದಿಂದ, ತಿಂಡಿಯ ಜೊತೆ ಪರಿಚಯಿಸಿ. ಲಸಿಕೆ ಮುಗಿಯದಿದ್ದರೆ ಎತ್ತಿಕೊಂಡೇ ತೋರಿಸಿ. 8 ವಾರಕ್ಕೆ ಮೊದಲು ತಾಯಿಯಿಂದ ಬಿಡಿಸಿದ ಮರಿ, ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತೆ ಅನ್ನೋ ಪಾಠವನ್ನು ಒಡಹುಟ್ಟಿದವರಿಂದ ಪೂರ್ತಿ ಕಲಿತಿರಲ್ಲ.

[ದೃಶ್ಯ: ತಟ್ಟೆಯ ಮುಂದೆ ಸೆಟೆದು ನಿಂತ ನಾಯಿ. ನಿಧಾನಗತಿ.]

ಇಲ್ಲಿ ನಿಲ್ಲಿಸಿ ನೋಡಿ. ಮೈ ಗಟ್ಟಿಯಾಯಿತು. ಮುಖ ತಿರುಗಿದೆ, ಕಣ್ಣಿನ ಬಿಳಿಭಾಗ ಕಾಣುತ್ತಿದೆ. ತುಟಿ ನೆಕ್ಕಿತು. ಆಮೇಲೆ ಗುರುಗುಟ್ಟಿತು. ಬಹಳ ಮನೆಗಳಲ್ಲಿ ಈ ಹೊತ್ತಿಗೆ ಏಟು ಬೀಳುತ್ತೆ. ದೊಡ್ಡ ತಪ್ಪು ಅದು. ಏಟಿನಿಂದ ಸಿಟ್ಟು ಹೋಗಲ್ಲ, ಗುರುಗುಟ್ಟೋದು ಮಾತ್ರ ಹೋಗುತ್ತೆ. ಮುಂದಿನ ಸಲ ಸುಳಿವೇ ಕೊಡದೆ ಕಚ್ಚುತ್ತೆ. ಗುರುಗುಟ್ಟಿದಾಗ ಹಿಂದೆ ಸರಿಯಿರಿ. ಮರುದಿನದಿಂದ ಅದು ಸೆಟೆಯದಷ್ಟು ದೂರದಲ್ಲಿ ಹಾದುಹೋಗುತ್ತಾ ತಟ್ಟೆಯಲ್ಲಿರೋದಕ್ಕಿಂತ ರುಚಿಯಾದ ತುಂಡು ಎಸೆಯಿರಿ. ನೀವು ಬರೋದನ್ನು ಅದು ಎದುರು ನೋಡೋಕೆ ಶುರು ಮಾಡಿದ ಮೇಲೆ ಮಾತ್ರ ಒಂದು ಹೆಜ್ಜೆ ಹತ್ತಿರ.

ಬಾಯಿಕುಕ್ಕೆ ಶಿಕ್ಷೆ ಅಲ್ಲ. ಬುಟ್ಟಿಯಾಕಾರದ್ದೇ ತಗೊಳ್ಳಿ, ಒಳಗೆ ನಾಯಿ ಬಾಯಿ ತೆರೆದು ತೇಕಬೇಕು, ನೀರು ಕುಡಿಯಬೇಕು. ಬಾಯಿ ಬಿಗಿಯಾಗಿ ಮುಚ್ಚೋ ಬಟ್ಟೆಯದು ಹಾಕಿ ನಡೆಸಿದರೆ ತೇಕಲಾಗದೆ ಮೈ ಬಿಸಿ ಏರುತ್ತೆ, ಪ್ರಾಣಕ್ಕೇ ಅಪಾಯ. ಸುತ್ತಳತೆಯನ್ನು ಬಾಯಿ ತೆರೆದಿರುವಾಗ ಅಳೆಯಿರಿ. ಮೊದಲ ಎರಡು ಮೂರು ದಿನ ಕುಕ್ಕೆಯೊಳಗೆ ತಿಂಡಿ ಇಟ್ಟು ಅದಾಗಿಯೇ ಮೂತಿ ಹಾಕಲಿ. ಆಮೇಲೆ ಪಟ್ಟಿ ಹಾಕಿ 5 ಸೆಕೆಂಡ್, ತಿಂಡಿ, ಬಿಚ್ಚಿ. ನಂತರ ಅರ್ಧ ನಿಮಿಷ. ನಾಯಿ ಮುಂಗಾಲಿನಿಂದ ಕೆರೆದು ತೆಗೆಯಲು ನೋಡಿದರೆ ನೀವು ಅವಸರ ಮಾಡಿದ್ದೀರಿ ಅಂತ ಅರ್ಥ. ಹಿಂದಿನ ಹಂತಕ್ಕೆ ಹೋಗಿ.

[ದೃಶ್ಯ: ನಲ್ಲಿ, ಸೋಪು, ಗಡಿಯಾರ]

ಇಷ್ಟಾದರೂ ಕಚ್ಚಿತು ಅಂದುಕೊಳ್ಳಿ. ಸೋಪು ಹಾಕಿ, ಹರಿಯೋ ನೀರಲ್ಲಿ 15 ನಿಮಿಷ, ಗಡಿಯಾರ ನೋಡಿಕೊಂಡೇ ತೊಳೆಯಿರಿ. ಗಾಯದ ಮೇಲೆ ಪುಡಿ, ಎಣ್ಣೆ ಏನೂ ಬೇಡ. ಅದೇ ದಿನ ವೈದ್ಯರ ಬಳಿ ಹೋಗಿ. ರೇಬೀಸ್ ಇರೋ ಪ್ರದೇಶದಲ್ಲಿ ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಾಗುತ್ತೆ, ಕೇಳಿ. ನಾಯಿಯ ಮಾಲೀಕರು ನೀವಾದರೆ ಅದರ ಲಸಿಕೆ ಕಾರ್ಡನ್ನು ಕಚ್ಚಿಸಿಕೊಂಡವರ ಕೈಗೆ ತಕ್ಷಣ ಕೊಡಿ, ನಾಯಿಯನ್ನು 10 ದಿನ ಪ್ರತ್ಯೇಕವಾಗಿಟ್ಟು ಗಮನಿಸಿ. ಆ 10 ದಿನ ಮುಗಿಯಲಿ ಅಂತ ಲಸಿಕೆಯನ್ನು ಮಾತ್ರ ಮುಂದೂಡಬೇಡಿ.